ಐವತ್ತು ಎಲ್ಲಿದೆ

ಹಾಸನದ ಆ ರಕ್ತಪರೀಕ್ಷೆಯ ಲ್ಯಾಬು ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆಯುತ್ತದೆ. ನೆಲ ಒರೆಸಿದ ಫಿನಾಯಿಲಿನ ವಾಸನೆ ಇನ್ನೂ ಆರಿರುವುದಿಲ್ಲ, ಆಗಲೇ ಯಾರಾದರೊಬ್ಬರು ಕೇಳುತ್ತಾರೆ, "ಮೇಡಂ, ಇವತ್ತು ಐವತ್ತು ಎಲ್ಲಿದೆ?"

ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಸಂಘಮಿತ್ರಾ ಚಪ್ಪಲಿ ಬಿಟ್ಟು ಹಿಂದಿನ ಗಾಜಿನ ಕೋಣೆಗೆ ಹೋಗುತ್ತಾರೆ. ಒಂದು ನಿಮಿಷ ಪರದೆಯ ಮುಂದೆ ನಿಲ್ಲುತ್ತಾರೆ. ಹೊರಗೆ ಬಂದು "ಮೇಲಿನದರಲ್ಲಿ" ಎನ್ನುತ್ತಾರೆ, ಇಲ್ಲವೇ "ಕೆಳಗಿನದರಲ್ಲಿ". ಕೇಳಿದವರಿಗೆ ಎರಡರಲ್ಲಿ ಯಾವುದಾದರೂ ಒಂದೇ. ಆದರೂ ಕೇಳುತ್ತಾರೆ, ಎದುರು ಮನೆಯವರನ್ನು ತಿಂಡಿ ಆಯಿತೇ ಎಂದು ಕೇಳುವ ಹಾಗೆ.

ಆ ಕೋಣೆಯಲ್ಲಿ ಎಲ್ಲ ಶಾಖೆಗಳ ರೋಗಿಗಳ ವಿವರ ಕೂಡಿಟ್ಟುಕೊಳ್ಳುವ, ಒಂದರ ಮೇಲೊಂದು ಇಟ್ಟ ಎರಡು ಸರ್ವರ್‌ಗಳಿವೆ. ಎರಡಕ್ಕೂ ತಮ್ಮ ತಮ್ಮ ವಿಳಾಸವಿದೆ. ಕಂಪ್ಯೂಟರುಗಳ ಲೋಕದಲ್ಲಿ ವಿಳಾಸವೆಂದರೆ ನಡುವೆ ಚುಕ್ಕಿಯಿಟ್ಟು ಬರೆದ ನಾಲ್ಕು ಸಂಖ್ಯೆಗಳು. ಅವೆರಡರ ಸ್ವಂತದ್ದಲ್ಲದ ಮೂರನೆಯ ವಿಳಾಸವೊಂದಿದೆ. ಅದರ ಕೊನೆಯ ಸಂಖ್ಯೆ ಐವತ್ತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಶಾಖೆಗಳಲ್ಲಿ ರಕ್ತ ತೆಗೆದು ಹೆಸರು ಬರೆದುಕೊಳ್ಳುವವರ ಕಂಪ್ಯೂಟರುಗಳಿಗೆ ಗೊತ್ತಿರುವುದು ಆ ಐವತ್ತು ಮಾತ್ರ. ಐವತ್ತು ಒಂದು ಹೊತ್ತಿಗೆ ಎರಡರಲ್ಲಿ ಒಂದರ ಬಳಿ ಮಾತ್ರ ಇರುತ್ತದೆ. ಅದು ಕೆಟ್ಟು ನಿಂತರೆ ಇನ್ನೊಂದು ಐವತ್ತನ್ನು ವಹಿಸಿಕೊಂಡು, ಇನ್ನು ಮೇಲೆ ಐವತ್ತು ನಾನು ಎಂದು ಎಲ್ಲರಿಗೂ ತಿಳಿಸುತ್ತದೆ. ಚನ್ನರಾಯಪಟ್ಟಣದಲ್ಲಿ ಕೂತವರಿಗೆ ಪರದೆ ಒಂದು ಗಳಿಗೆ ತಡವರಿಸಿದಂತೆ ಕಂಡೀತು, ಅಷ್ಟೇ.

ಎರಡರ ಬೆನ್ನಿನಲ್ಲೂ ಸೇರಿಕೊಂಡ ಮೊಳದುದ್ದದ ಒಂದು ನೀಲಿ ವೈರು ಇದೆ. ಅದರಲ್ಲಿ ಅವು ಸೆಕೆಂಡಿಗೊಮ್ಮೆ 'ಇದ್ದೇನೆ' ಎಂದು ಹೇಳಿಕೊಳ್ಳುತ್ತಿರುತ್ತವೆ. ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ನಕಲಾಗುವುದೂ ಅದೇ ವೈರಿನಲ್ಲಿ. ಐದು ಸಲ ದನಿ ಬಾರದಿದ್ದರೆ ಆ ಕಡೆಯದು ಸತ್ತಿತೆಂದು ಈ ಕಡೆಯದು ತಿಳಿಯುತ್ತದೆ.

ಇದನ್ನು ಸಂಘಮಿತ್ರಾ ಒಮ್ಮೆ ಮನೆಯಲ್ಲಿ ತಾಯಿ ಮಲ್ಲಿಗಮ್ಮನವರಿಗೆ ಹೇಳಿದಾಗ ಅವರು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಜ್ವಾಳದ ವಲ್ದಾಗೆ ಕಳೆ ಕೀಳಾಕೆ ಓದಾಗ ನಾವೂ ಅಂಗೇ ಮಾಡ್ತಿದ್ದೋ ಕಣವ್ವ. ಬಗ್ಗುದ್ರೆ ಪಕ್ಕದೋಳು ಕಾಣಾಕಿಲ್ಲ. ಆಗಾಗ ಊ ಅಂತಿರ್ಬೇಕು. ಊ ಅನ್ನದೆ ಓದ್ರೆ ಆವ್ ಕಚ್ತೋ ಏನೋ ಅಂತ ಓಡೋಗಿ ನೋಡೋದು."

"ಓಡಿಹೋಗಿ ನೋಡಿದ್ರೆ ಏನಾಗಿರ್ತಿತ್ತು?"

"ಏನಾಗಿರ್ತಿತ್ತು, ಎಲಡ್ಕೆ ಜಗೀತಾ ಕೂತಿರೋಳು. ಬಾಯ್ ತುಂಬಾ ರಸ, ಊ ಅನ್ನೋದೆಂಗೆ?"

ಮಲ್ಲಿಗಮ್ಮ ಹೊಳೆನರಸೀಪುರ ತಾಲ್ಲೂಕಿನಲ್ಲಿ, ಹರದನಹಳ್ಳಿಯ ಕಡೆಯ ಒಂದು ಕೇರಿಯಲ್ಲಿ ಬಾಳುವೆ ಮಾಡಿದವರು. ಗಂಡ ದೇವಯ್ಯ ನಾಲೆಯ ಮೇಲೆ ದಿನಗೂಲಿ ನೀರುಗಂಟಿಯಾಗಿದ್ದರು. ಯಾವ ತೂಬು ಯಾವ ಹೊತ್ತಿಗೆ ತೆರೆಯಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವರ ಕೆಲಸ. ಮಗಳು ಹುಟ್ಟುವ ಹಿಂದಿನ ವರ್ಷ ಊರಿನ ನಾಲ್ಕು ಮನೆಯವರ ಜೊತೆ ಅವರೂ ಬುದ್ಧನ ದಾರಿ ಹಿಡಿದಿದ್ದರು. ಸಂಘಮಿತ್ರಾ ಎಂಬ ಹೆಸರು ಹಾಗೆ ಬಂತು. ಶಾಲೆಗೆ ಸೇರಿಸುವಾಗ ಮೇಷ್ಟರು ದಾಖಲೆಯಲ್ಲಿ ಸಂಗಮ್ಮ ಎಂದು ಬರೆದುಬಿಟ್ಟರು. ದೇವಯ್ಯ ಮೂರು ದಿನ ಕೆಲಸ ಬಿಟ್ಟು ಶಾಲೆಗೆ ನಡೆದು, ಜಗುಲಿಯಲ್ಲಿ ಕಾದು, ಹೆಸರನ್ನು ಸರಿ ಮಾಡಿಸಿಕೊಂಡು ಬಂದರು. ಜಗಳವಾಡಲಿಲ್ಲ. ಅವರು ಕೂತಿರುವುದನ್ನು ನೋಡಿ ನೋಡಿ ಮೇಷ್ಟರಿಗೇ ಸಾಕಾಯಿತು. ದೇವಯ್ಯ ತೀರಿಕೊಂಡು ಆರು ವರ್ಷವಾಯಿತು.

ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ಸಂಘಮಿತ್ರಾ ಮೊದಲು ಸೇರಿದ್ದು ಇದೇ ಲ್ಯಾಬಿನ ಅರಕಲಗೂಡು ಶಾಖೆಗೆ, ಬಂದವರ ಹೆಸರು ಟೈಪ್ ಮಾಡುವ ಕೆಲಸಕ್ಕೆ. ಆಗ ಹಾಸನದಲ್ಲಿ ಇದ್ದದ್ದು ಒಂದೇ ಸರ್ವರ್. ಒಂದು ಮಳೆಗಾಲದ ಸಂಜೆ ಅದು ಕೆಟ್ಟಿತು. ಎರಡು ದಿನದ ಹೆಸರುಗಳೆಲ್ಲ ಹೋದವು. ಟ್ಯೂಬುಗಳಿದ್ದವು, ಯಾವುದು ಯಾರದೆಂದು ಹೇಳುವವರಿರಲಿಲ್ಲ. ಎಲ್ಲರಿಗೂ ಫೋನು ಮಾಡಿ ಮತ್ತೆ ಕರೆಸಬೇಕಾಯಿತು. ಕೊಣನೂರಿನ ಆಚೆಯಿಂದ ಬಸ್ಸು ಹತ್ತಿ ಬಂದ ಒಬ್ಬ ಮುದುಕಿಗೆ ನರ ಸಿಗಲಿಲ್ಲ. ಎಡಗೈಯಲ್ಲಿ ಎರಡು ಕಡೆ, ಬಲಗೈಯಲ್ಲಿ ಒಂದು ಕಡೆ ಚುಚ್ಚಿದರು.

"ಮೊನ್ನೆ ಕೊಟ್ಟಿದ್ನಲ್ಲವ್ವ, ಅದೇನಾಯ್ತು?" ಎಂದು ಅಜ್ಜಿ ಕೇಳಿದರು. ಕೋಪವೇನೂ ಇರಲಿಲ್ಲ, ತಿಳಿದುಕೊಳ್ಳಲು ಕೇಳಿದ್ದು.

ಸಂಘಮಿತ್ರಾ ಹತ್ತಿಯನ್ನು ಒತ್ತಿ ಹಿಡಿದುಕೊಂಡು ಕೂತರು. ಎರಡು ಸರ್ವರ್ ಬರುತ್ತವೆಂದು ಸುದ್ದಿಯಾದ ದಿನವೇ ಹಾಸನಕ್ಕೆ ವರ್ಗ ಕೇಳಿ ಅರ್ಜಿ ಹಾಕಿದರು.

ಯಂತ್ರ ಕೂರಿಸಲು ಬಂದ ಎಂಜಿನಿಯರುಗಳ ಹಿಂದೆ ನಿಂತು ನೋಡಿಯೇ ಅವರು ಕಲಿತದ್ದು. ಕೇಳಿದ್ದನ್ನೆಲ್ಲ ಕನ್ನಡದಲ್ಲೇ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದುಕೊಂಡರು. ಎಂಜಿನಿಯರುಗಳು ಹೋದ ಮೇಲೆ ಅವರು ಮಾಡಿಟ್ಟದ್ದರಲ್ಲಿ ಸಂಘಮಿತ್ರಾ ಒಂದೇ ಒಂದನ್ನು ಬದಲಾಯಿಸಿದರು, ಅದೂ ಒಂದು ಕೆಟ್ಟ ದಿನವನ್ನು ಕಂಡ ಮೇಲೆ.

ಎಂಜಿನಿಯರುಗಳ ಏರ್ಪಾಡಿನಲ್ಲಿ ಮೇಲಿನದೇ ಯಜಮಾನ. ಅದು ಕೆಟ್ಟರೆ ಐವತ್ತು ಕೆಳಗೆ ಬರುತ್ತದೆ. ಅದು ಎದ್ದ ಕೂಡಲೇ ಐವತ್ತು ತಾನಾಗಿ ಮೇಲಕ್ಕೆ ಹೋಗುತ್ತದೆ. ಒಂದು ಸೋಮವಾರ ಮೇಲಿನದಕ್ಕೆ ವಿದ್ಯುತ್ತು ಕೊಡುವ ಭಾಗ ಸಡಿಲಾಗಿತ್ತು. ಅದು ಎದ್ದಿತು, ಐವತ್ತನ್ನು ಕಸಿದುಕೊಂಡಿತು, ಮೂರು ನಿಮಿಷಕ್ಕೆ ಮತ್ತೆ ಬಿದ್ದಿತು. ಮತ್ತೆ ಎದ್ದಿತು, ಮತ್ತೆ ಕಸಿದುಕೊಂಡಿತು. ಮಧ್ಯಾಹ್ನದ ತನಕ ಐವತ್ತು ಮೇಲೆ ಕೆಳಗೆ ಓಡಾಡಿ, ಮೂರೂ ಊರಿನವರು ಕೀಬೋರ್ಡಿನಿಂದ ಕೈ ತೆಗೆದು ಕೂತರು. ಕಾಯಿಲೆ ಬಿದ್ದು ಎದ್ದವರು ಅದೇ ಗಳಿಗೆಯಲ್ಲಿ ಮೂಟೆ ಹೊರಲು ಹೋಗಬಾರದು ಎಂದು ಸಂಘಮಿತ್ರಾ ಅಂದುಕೊಂಡರು. ಅಂದಿನಿಂದ ಐವತ್ತು ಎಲ್ಲಿಗೆ ಹೋಯಿತೋ ಅಲ್ಲೇ ಉಳಿಯುತ್ತದೆ. ಎದ್ದು ಬಂದದ್ದು ಸುಮ್ಮನೆ ಪಕ್ಕದಲ್ಲಿದ್ದು, ತಾನಿಲ್ಲದಾಗ ಬರೆದದ್ದನ್ನೆಲ್ಲ ನಕಲು ಮಾಡಿಕೊಳ್ಳುತ್ತದೆ. ಐವತ್ತನ್ನು ಜಾಗ ಬದಲಿಸಲೇಬೇಕಿದ್ದರೆ ಮನುಷ್ಯರು ಕೈಯಿಂದ ಬದಲಿಸಬೇಕು, ಅದೂ ಬುಧವಾರ ಮಧ್ಯಾಹ್ನ ಎರಡರ ಮೇಲೆ, ಟ್ಯೂಬು ತರುವ ವ್ಯಾನುಗಳೆಲ್ಲ ಬಂದು ಹೋದ ನಂತರ.

ಹನ್ನೊಂದು ವರ್ಷ ಹೀಗೆ ನಡೆಯಿತು. ಕೆಲಸದಲ್ಲಿ ಅವರಿಗೆ ಬೇಸರವಿರಲಿಲ್ಲ. ಆದರೆ ಫೋನು ಸದಾ ಕೈಗೆಟಕುವಲ್ಲೇ ಇರಬೇಕಿತ್ತು. ಸ್ನಾನಕ್ಕೆ ಹೋದರೆ ಬಚ್ಚಲ ಕಿಟಕಿಯ ಮೇಲೆ, ನಾದಿನಿಯ ಮದುವೆಯಲ್ಲಿ ಸೀರೆಯ ಸೊಂಟದಲ್ಲಿ. ಗಂಡ ನಾಗೇಶ್ ಶಾಲಾ ವ್ಯಾನು ಓಡಿಸುತ್ತಾರೆ. ಒಮ್ಮೆ ಶೆಟ್ಟಿಹಳ್ಳಿಯ ಹಿನ್ನೀರಿಗೆ ಎಲ್ಲರನ್ನೂ ಕರೆದುಕೊಂಡು ಹೋಗಿದ್ದರು. ಮುಳುಗಿದ ಚರ್ಚಿನ ಕಡೆ ಎಲ್ಲರೂ ಮುಖ ಮಾಡಿ ನಿಂತಿದ್ದರೆ, ಸಂಘಮಿತ್ರಾ ಬೆನ್ನು ತಿರುಗಿಸಿ ಫೋನು ಎತ್ತರಕ್ಕೆ ಹಿಡಿದು ಸಿಗ್ನಲ್ ಹುಡುಕುತ್ತಿದ್ದರು. ಆ ಫೋಟೋ ಇನ್ನೂ ಮನೆಯಲ್ಲಿದೆ.

ಹಿಂದಿನ ವರ್ಷ ಮಲ್ಲಿಗಮ್ಮ ತುಮಕೂರು ದಾರಿಯ ಒಂದು ಧ್ಯಾನಕೇಂದ್ರಕ್ಕೆ ಹೋಗಿ ಹತ್ತು ದಿನ ಇದ್ದು ಬಂದರು. ಅಲ್ಲಿ ಮಾತಾಡುವಂತಿಲ್ಲ, ಓದುವಂತಿಲ್ಲ, ಫೋನನ್ನು ಮೊದಲ ದಿನವೇ ತೆಗೆದಿಡುತ್ತಾರೆ.

"ಅತ್ ದಿನ ಬಾಯ್ಗೂ ರಜ, ಕಿವಿಗೂ ರಜ ಕಣವ್ವ," ಎಂದರು ಬಂದವರೇ. "ನಿಮ್ಮಪ್ಪ ಇದ್ದಿದ್ರೆ ಎತ್ತಾಕ್ಕೊಂಡ್ ಓಗ್ತಿದ್ದೆ. ನೀನು ಓಗು."

"ನಂಗೆ ಎಲ್ಲಿ ಆಗುತ್ತವ್ವ. ಹತ್ತು ದಿನ ಫೋನಿಲ್ದೆ?"

"ನೀನಿಲ್ದಿದ್ರೆ ಆ ಮಿಸಿನ್ನು ಸತ್ತೋದಾವಾ?"

"ಒಂದು ಸತ್ರೆ ಇನ್ನೊಂದು ನೋಡ್ಕೊಳುತ್ತೆ."

"ಮತ್ತೆ? ಅವುಕ್ಕೇ ಅಷ್ಟ್ ಗ್ಯಾನ ಅದೆ. ನಿಂಗೆ ಇಲ್ವಲ್ಲ."

ಆ ಮಾತು ಸಂಘಮಿತ್ರಾ ಅವರಲ್ಲಿ ಉಳಿಯಿತು. ಮೊದಲೂ ಮೂರು ಸಲ ಅವರು ಆ ಕೇಂದ್ರಕ್ಕೆ ಹೆಸರು ಕೊಟ್ಟು ಕೊನೆಗೆ ಬೇಡವೆಂದಿದ್ದರು. ಒಂದು ಸಲ ಸರ್ವರ್ ಬದಲಾಯಿಸುವುದಿತ್ತು, ಒಂದು ಸಲ ಕೊರೊನಾ, ಇನ್ನೊಂದು ಸಲ ಜೊತೆಗಿದ್ದ ಹುಡುಗ ಕೆಲಸ ಬಿಟ್ಟಿದ್ದ. ಈ ವರ್ಷ ನಾಲ್ಕನೆಯ ಸಲ ಹೆಸರು ಕೊಟ್ಟರು. ಬರುವುದು ನಿಜವೇ ಎಂದು ಆಯುಧಪೂಜೆಯ ಮಾರನೆಯ ಸಂಜೆಯೊಳಗೆ ತಿಳಿಸಬೇಕೆಂದೂ, ಇಲ್ಲದಿದ್ದರೆ ಜಾಗ ಬೇರೆಯವರಿಗೆ ಹೋಗುತ್ತದೆಂದೂ ಕೇಂದ್ರದಿಂದ ಉತ್ತರ ಬಂತು.

ರಜೆಗೆ ಸಹಿ ಹಾಕಬೇಕಾದವರು ವ್ಯವಸ್ಥಾಪಕರಾದ ಚಂದ್ರಶೇಖರಯ್ಯ. ಅರವತ್ತರ ಹತ್ತಿರದವರು, ಒಳ್ಳೆಯವರು, ಆದರೆ ಸರ್ವರ್ ಎಂದರೆ ಅವರಿಗೆ ಅಂಜಿಕೆ.

"ಹತ್ತು ದಿನ ಫೋನೂ ಇಲ್ಲ ಅಂದ್ರೆ ಹೇಗಮ್ಮಾ? ಸ್ವಿಚ್ ಆಫ್ ಅಂದ್ರೆ ಪೂರ್ತಿ ಸ್ವಿಚ್ ಆಫಾ?"

"ಪೂರ್ತಿ ಸರ್. ಮಾನಸಾ ಇದ್ದಾಳಲ್ಲ."

ಮಾನಸಾ ಚನ್ನರಾಯಪಟ್ಟಣದ ಹುಡುಗಿ. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಕಡಿಮೆ ಮಾತು, ಕೇಳಿದ್ದಕ್ಕಷ್ಟೇ ಉತ್ತರ. ಅವಳಿಗೆ ಎಷ್ಟು ಬರುತ್ತದೆಂದು ಸಂಘಮಿತ್ರಾ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಏಕೆಂದರೆ ಏನಾದರೂ ಆದಾಗ ಅವಳು ಕೈ ಹಾಕುವ ಮೊದಲೇ ಇವರು ಹಾಕಿಬಿಡುತ್ತಿದ್ದರು.

ಚಂದ್ರಶೇಖರಯ್ಯ ಕನ್ನಡಕ ತೆಗೆದು ಒರೆಸಿದರು. "ಒಂದು ಕೆಲಸ ಮಾಡೋಣ. ಆಯುಧಪೂಜೆ ದಿನ ಅರ್ಧ ದಿನ ಕೆಲಸ. ಅವತ್ತು ನೀವು ಇಲ್ಲ ಅಂತಿಟ್ಕೊಳಿ. ಬೇಕಾದ್ರೆ ಬನ್ನಿ, ಕೂತ್ಕೊಳಿ, ಕಡ್ಲೆಪುರಿ ಕಟ್ಟಿ. ಆದ್ರೆ ಆ ಕೋಣೆಗೆ ಕಾಲಿಡಬೇಡಿ, ಯಾರಿಗೂ ಒಂದು ಮಾತು ಹೇಳ್ಬೇಡಿ. ಆ ಹುಡುಗಿ ಒಬ್ಬಳೇ ನಿಭಾಯಿಸಿದ್ರೆ ಸಹಿ ಹಾಕ್ತೀನಿ. ನೀವು ಎದ್ರೆ ರಜ ಇಲ್ಲ."

"ಆಯ್ತು ಸರ್," ಎಂದರು ಸಂಘಮಿತ್ರಾ.

ಆಯುಧಪೂಜೆಯ ದಿನ ಅವರು ರಿಸೆಪ್ಷನ್ನಿನ ಮೇಜಿನ ಮೇಲೆ ಹಳೆಯ ಪತ್ರಿಕೆ ಹರಡಿ, ಎರಡು ಮೂಟೆ ಕಡ್ಲೆಪುರಿ ಬಿಚ್ಚಿಕೊಂಡು ಕೂತರು. ಪುರಿಗೆ ಹುರಿಗಡಲೆ, ಬತ್ತಾಸು ಬೆರೆಸಿ, ಒಂದೊಂದು ಕವರಿಗೆ ಮೂರು ಬೊಗಸೆ ತುಂಬಿಸಿ, ದಾರ ಕಟ್ಟುವುದು. ಮನೆಯಲ್ಲಿ ಪೂಜೆಯ ಪದ್ಧತಿ ಇಲ್ಲದಿದ್ದರೂ ಈ ಕೆಲಸ ಅವರಿಗೆ ಇಷ್ಟ. ಬೆರಳ ಸಂದಿನಿಂದ ಪುರಿ ಜಾರುವಾಗ ದೂರದಲ್ಲಿ ಹನಿ ಬೀಳುವ ಹಾಗೆ ಸದ್ದು ಬರುತ್ತದೆ. ಎದುರಿಗೆ ಗಾಜಿನ ಬಾಗಿಲು, ಅದರಾಚೆ ಮಾನಸಾಳ ಬೆನ್ನು.

ಲ್ಯಾಬಿನಲ್ಲಿ ಇನ್ನೊಂದು ಪದ್ಧತಿ ಇತ್ತು. ವರ್ಷವಿಡೀ ಸರ್ವರ್ ಕೋಣೆಯ ಹೊಸ್ತಿಲು ದಾಟದ ಚಂದ್ರಶೇಖರಯ್ಯ ಆಯುಧಪೂಜೆಯ ದಿನ ಮಾತ್ರ ಪಂಚೆ ಉಟ್ಟು ಒಳಗೆ ಹೋಗಿ, ಎರಡೂ ಯಂತ್ರಗಳನ್ನು ಹೊಸ ಹಳದಿ ಬಟ್ಟೆಯಲ್ಲಿ ತಾವೇ ಒರೆಸಿ, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕುತ್ತಿದ್ದರು. ಬೇರೆ ಯಾರೂ ಅದನ್ನು ಮಾಡುವಂತಿಲ್ಲ. ಬಾಕಿ ವರ್ಷಗಳಲ್ಲಿ ಸಂಘಮಿತ್ರಾ ಅವರ ಹಿಂದೆಯೇ ನಿಂತು, ಕೈ ಎಲ್ಲಿಗೆ ಹೋಗುತ್ತದೆಂದು ನೋಡಿಕೊಳ್ಳುತ್ತಿದ್ದರು. ಈ ಸಲ ಇವರಿಲ್ಲ. ಮಾನಸಾ ಅರಕಲಗೂಡಿನವರ ಫೋನಿನಲ್ಲಿದ್ದಳು. ಚಂದ್ರಶೇಖರಯ್ಯ ಒಳಗೆ ಹೋದರು, ಹತ್ತು ನಿಮಿಷಕ್ಕೆ ಪ್ರಸನ್ನವಾದ ಮುಖದಲ್ಲಿ ಹೊರಗೆ ಬಂದು, ಬೂದುಗುಂಬಳಕಾಯಿ ತರಲು ಗೇಟಿನ ಕಡೆ ಹೋದರು.

ಅದಾಗಿ ಕಾಲು ಗಂಟೆಯಾಗಿರಬಹುದು, ಹೊಳೆನರಸೀಪುರದ ರವೀಂದ್ರ ಫೋನು ಮಾಡಿದ. ರಕ್ತ ತೆಗೆಯುವವನು ಅವನು. ಹಬ್ಬದ ಗಲಾಟೆಯಲ್ಲಿ ಕೇಳಿಸದೆಂದು ಮಾನಸಾ ಸ್ಪೀಕರಿಗೆ ಹಾಕಿದಳು, ಗಾಜಿನ ಈಚೆಗೂ ಕೇಳುತ್ತಿತ್ತು.

"ಮೇಡಮ್ಮಾರೇ, ಈಗ ಒಬ್ಬ ತಾತಂದು ಎಂಟ್ರಿ ಆಕಿದ್ದೆ. ಐದ್ ನಿಮ್ಸದಿಂದೆ. ಈಗ ನೋಡುದ್ರೆ ಎಸ್ರೇ ಇಲ್ಲ."

"ಸೇವ್ ಮಾಡಿದ್ರಾ?"

"ಮಾಡ್ದೆ ಕಣ್ರೀ. ಬಂತು. ಓಯ್ತು. ಈಗ ಮತ್ತೆ ಬಂತು. ಏ, ಮತ್ತೆ ಓಯ್ತು." ಅವನ ಹಿಂದೆ ಯಾರೋ ಕೆಮ್ಮುತ್ತಿದ್ದರು. "ತಾತ ಇಲ್ಲೇ ಕುಂತವ್ರೆ. ಇನ್ನೊಂದ್ ಟ್ಯೂಬ್ ತಗೊಂಡ್ಬುಡ್ಲಾ, ಒಸಾ ನಂಬರ್ ಆಕಿ? ಸುಲುಬ ಆಯ್ತದೆ."

ಸಂಘಮಿತ್ರಾ ಅವರ ಪುರಿ ತುಂಬಿದ ಬೊಗಸೆ ಅಲ್ಲೇ ನಿಂತಿತು. ಎಲ್ಲಿಯವರೆಗೆ ಕೂತಿರಬೇಕೆಂದು ಅವರು ಹಿಂದಿನ ರಾತ್ರಿಯೇ ಗೆರೆ ಎಳೆದುಕೊಂಡಿದ್ದರು. ಒಬ್ಬರನ್ನಾದರೂ ಎರಡನೇ ಸಲ ಚುಚ್ಚುವ ಮಾತು ಬಂದರೆ ಎದ್ದುಬಿಡುವುದು, ರಜೆ ಹೋದರೆ ಹೋಗಲಿ. ಕುರ್ಚಿಯ ಅಂಚಿಗೆ ಸರಿದರು.

"ಬೇಡ," ಎಂದಳು ಮಾನಸಾ. "ಯಾರಿಗೂ ಮತ್ತೆ ಚುಚ್ಚಬೇಡಿ. ಟ್ಯೂಬ್ ಮೇಲೆ ಪೆನ್ನಲ್ಲಿ ಹೆಸರು, ವಯಸ್ಸು, ಊರು ಬರೀರಿ. ನಾನು ಹೇಳೋವರೆಗೂ ಕಂಪ್ಯೂಟರ್ ಮುಟ್ಬೇಡಿ. ಪೇಪರ್‌ನಲ್ಲಿ ಬರ್ಕೊಳಿ." ಇದೇ ಮಾತನ್ನು ಅರಕಲಗೂಡಿಗೂ ಚನ್ನರಾಯಪಟ್ಟಣಕ್ಕೂ ಹೇಳಿದಳು. ಮಾತು ನೆಟ್ಟಗಿತ್ತು.

ಸಂಘಮಿತ್ರಾ ಹಿಂದಕ್ಕೆ ಒರಗಿದರು. ಬೊಗಸೆಯಲ್ಲಿದ್ದ ಪುರಿಯನ್ನು ಕವರಿಗೆ ಸುರಿದರು.

ಒಂದೆರಡು ನಿಮಿಷದ ಮೇಲೆ ಮಾನಸಾ ಗಾಜಿನ ಬಾಗಿಲು ತೆರೆದು ನಿಂತಳು. ಮುಖ ಬಿಳಿಚಿಕೊಂಡಿತ್ತು.

"ಮೇಡಂ, ಐವತ್ತು ಎರಡರಲ್ಲೂ ಇದೆ."

ಸಂಘಮಿತ್ರಾ ದಾರ ಕಟ್ಟುತ್ತಿದ್ದರು. "ಮೇಡಂ ಇಲ್ಲ," ಎಂದರು, ತಲೆ ಎತ್ತದೆ. "ರಜ."

ಮಾನಸಾ ಒಳಗೆ ಹೋದಳು. ಆ ಬಾಗಿಲು ಮುಚ್ಚಿದ ಸದ್ದಿನಷ್ಟು ಕಷ್ಟದ ಸದ್ದನ್ನು ಸಂಘಮಿತ್ರಾ ಬಹಳ ಕಾಲದಿಂದ ಕೇಳಿರಲಿಲ್ಲ. ಏನಾಗಿದೆಯೆಂದು ಅವರಿಗೆ ಕೂತಲ್ಲೇ ತಿಳಿದಿತ್ತು. ನೀಲಿ ವೈರು ಜಾಗದಲ್ಲಿಲ್ಲ. 'ಇದ್ದೇನೆ' ಎಂಬ ದನಿ ನಿಂತಿದೆ. ಮೇಲಿನದು ಸತ್ತಿತೆಂದು ಕೆಳಗಿನದು ಐವತ್ತನ್ನು ವಹಿಸಿಕೊಂಡಿದೆ. ಮೇಲಿನದು ಬದುಕಿಯೇ ಇದೆ, ಬಿಟ್ಟುಕೊಟ್ಟಿಲ್ಲ. ಹೊರಗಿನಿಂದ ಬಂದ ಹೆಸರುಗಳು ಒಮ್ಮೆ ಅಲ್ಲಿಗೆ, ಒಮ್ಮೆ ಇಲ್ಲಿಗೆ ಹೋಗಿವೆ. ಒಂದರಲ್ಲಿರುವುದು ಇನ್ನೊಂದಕ್ಕೆ ಗೊತ್ತಿಲ್ಲ.

ಅಷ್ಟರಲ್ಲಿ ಚಂದ್ರಶೇಖರಯ್ಯ ಕುಂಬಳಕಾಯಿ ಹಿಡಿದು ಬಂದರು. ಬಾಗಿಲು ತೆರೆದೇ ಇಟ್ಟು ಒಳಗೆ ಹೋದರು.

"ಏನಾಯ್ತಮ್ಮಾ, ಮುಖ ಯಾಕೆ ಹಾಗಿದೆ?"

"ಹಿಂದ್ಗಡೆ ನೀಲಿ ವೈರ್ ನೋಡ್ಬೇಕು ಸರ್. ಹೂವು ಅಡ್ಡ ಇದೆ."

"ಓ, ಅದಾ? ಹಾರಕ್ಕೆ ಅಡ್ಡ ಬರ್ತಿತ್ತು, ನಾನೇ ಒಂಚೂರು ಕಿತ್ತು ಮತ್ತೆ ಹಾಕ್ದೆ." ಅವರು ಬಗ್ಗಿದರು. "ಅಯ್ಯೋ, ಪಕ್ಕದ ತೂತಿಗೆ ಹಾಕಿದೀನಿ ಅಂತ ಕಾಣುತ್ತೆ. ಇಷ್ಟೇ ತಾನೆ, ಇರು, ಸರಿಯಾದ್ದಕ್ಕೆ ಹಾಕ್ಬಿಡ್ತೀನಿ."

ಸಂಘಮಿತ್ರಾ ಎದ್ದುಬಿಟ್ಟರು. ಮೊಣಕೈ ತಗುಲಿ ನಾಲ್ಕು ಕವರು ನೆಲಕ್ಕೆ ಬಿದ್ದು ಪುರಿ ಚೆಲ್ಲಿತು. ಈಗ ವೈರನ್ನು ಸರಿಯಾದ ಜಾಗಕ್ಕೆ ಹಾಕಿದರೆ ನಕಲು ಮಾಡುವ ಕೆಲಸ ಕೂಡಲೇ ಶುರುವಾಗುತ್ತದೆ. ಒಂದರ ಮೇಲೆ ಇನ್ನೊಂದು ಬರೆದುಕೊಳ್ಳುತ್ತದೆ. ಈ ಕಾಲು ಗಂಟೆಯಲ್ಲಿ ಯಾವುದಾದರೊಂದಕ್ಕೆ ಬಂದ ಹೆಸರುಗಳು ಅಳಿಸಿಹೋಗುತ್ತವೆ. ಬಾಯಿ ತೆರೆದರು.

"ಸರ್, ಮುಟ್ಬೇಡಿ," ಎಂದಳು ಒಳಗೆ ಮಾನಸಾ. "ಕೈ ತೆಗೀರಿ."

ಮೂವತ್ತು ವರ್ಷದ ನೌಕರಿಯಲ್ಲಿ ಚಂದ್ರಶೇಖರಯ್ಯನವರಿಗೆ ಯಾರೂ ಹಾಗೆ ಹೇಳಿರಲಾರರು. ಅವರು ಕೈ ತೆಗೆದರು. ಬೆರಳುಗಳನ್ನು ಪಂಚೆಗೆ ಒರೆಸಿಕೊಂಡರು.

"ಈಗ ಹಾಕಿದ್ರೆ ಒಂದು ಕಡೇದು ಅಳಿಸೋಗುತ್ತೆ ಸರ್. ಮೊದ್ಲು ಕೆಳಗಿನದಕ್ಕೆ ಬಂದಿರೋ ಹೆಸ್ರೆಲ್ಲ ಪ್ರಿಂಟ್ ತಗೊಂಡು, ಅದನ್ನ ನಿಲ್ಲಿಸ್ತೀನಿ. ಐವತ್ತು ಮೇಲೆ ಒಂದ್ಕಡೆನೇ ಇರ್ಲಿ. ಆ ಹೆಸ್ರೆಲ್ಲ ಮೇಲಿನದಕ್ಕೆ ಕೈಯಲ್ಲಿ ಹಾಕ್ಬೇಕು. ಆಮೇಲೆ ವೈರು."

"ಎಷ್ಟಿದಾವೆ?"

"ಹದಿನಾಲ್ಕು."

ಸಂಘಮಿತ್ರಾ ಮೆಲ್ಲಗೆ ಕೂತರು. ಕೂತು, ಬಗ್ಗಿ, ಚೆಲ್ಲಿದ ಪುರಿಯನ್ನು ಒಂದು ಕಡೆ ಗುಡ್ಡೆ ಮಾಡತೊಡಗಿದರು.

ಮುಂದಿನ ಅರ್ಧ ಗಂಟೆ ಆ ಕೋಣೆಯಿಂದ ಚಂದ್ರಶೇಖರಯ್ಯನವರ ದನಿ ಕೇಳುತ್ತಿತ್ತು. ಪ್ರಿಂಟನ್ನು ಎತ್ತರಕ್ಕೆ ಹಿಡಿದು, ಹೆಸರು, ವಯಸ್ಸು, ಊರು, ಪರೀಕ್ಷೆ ಎಂದು ಒಂದೊಂದನ್ನೇ ಅವರು ಗಟ್ಟಿಯಾಗಿ ಓದುತ್ತಿದ್ದರು. ಹಣೆಯಲ್ಲಿ ಕುಂಕುಮ, ಹೆಗಲಲ್ಲಿ ಶಲ್ಯ. ಮಂತ್ರ ಹೇಳಿದ ರಾಗ ಇನ್ನೂ ಬಾಯಲ್ಲಿ ಉಳಿದಿತ್ತೇನೋ, ಥೈರಾಯಿಡ್, ಸಕ್ಕರೆ, ಕ್ರಿಯಾಟಿನಿನ್ ಎಲ್ಲವೂ ಅದೇ ರಾಗದಲ್ಲಿ ಹೊರಬಂದವು. ಮಾನಸಾ ಟೈಪ್ ಮಾಡುತ್ತ "ಹ್ಞೂಂ, ಮುಂದೆ" ಎನ್ನುತ್ತಿದ್ದಳು. ಹೊಳೆನರಸೀಪುರದ ತಾತನ ಹೆಸರು ನಂಜಯ್ಯ, ಎಪ್ಪತ್ತೆರಡು, ಸಕ್ಕರೆ. ಅದು ಒಂಬತ್ತನೆಯದಾಗಿ ಬಂತು.

ಎಲ್ಲ ಹಾಕಿ, ಎರಡು ಸಲ ಹೋಲಿಸಿ ನೋಡಿದ ಮೇಲೆ, "ಈಗ ಹಾಕಿ ಸರ್" ಎಂದಳು. ವೈರನ್ನು ಚಂದ್ರಶೇಖರಯ್ಯನವರೇ ಹಾಕಿದರು. ಕೆಳಗಿನದು ಎದ್ದು, ಏನೂ ಕೇಳದೆ, ನಕಲು ಮಾಡಿಕೊಳ್ಳುತ್ತ ಕೂತಿತು. ಶಾಖೆಗಳಿಗೆ ಫೋನು ಹೋಯಿತು. ಆದರೆ ಚನ್ನರಾಯಪಟ್ಟಣದವರಿಗೆ ಇನ್ನೂ ಪರದೆ ಬರಲಿಲ್ಲ. ಸಂಘಮಿತ್ರಾ ತಮ್ಮೊಳಗೇ ಅಂದುಕೊಂಡರು: ರೂಟರ್. ಚನ್ನರಾಯಪಟ್ಟಣದ ಮಾತುಗಳು ಬಂದಿಳಿಯುವ, ಕೋಣೆಯ ಮೂಲೆಯ ಹಳೆಯ ಆ ರೂಟರು ಕೊನೆಯ ಸಲ ಐವತ್ತನ್ನು ಯಾರಲ್ಲಿ ಕಂಡಿತ್ತೋ ಅವರನ್ನೇ ಇನ್ನೂ ನೆನಪಿಟ್ಟುಕೊಂಡಿದೆ. ಈ ಮಾತು ಅವರ ಪುಸ್ತಕದಲ್ಲಿ ಇರಲಿಲ್ಲ. ಹನ್ನೊಂದು ವರ್ಷ ಅದು ಅವರ ತಲೆಯಲ್ಲೇ ಇತ್ತು, ಬರೆಯಲು ಮರೆತಿದ್ದರು.

ಮಾನಸಾ ಐದು ನಿಮಿಷ ಅದಕ್ಕಾಗಿ ಒದ್ದಾಡಿದಳು. ಆಮೇಲೆ ರೂಟರನ್ನು ಆರಿಸಿ ಹಚ್ಚಿದಳು. ಚನ್ನರಾಯಪಟ್ಟಣ ಬಂತು. ಅವಳು ಆ ಉದ್ದನೆಯ ಪುಸ್ತಕ ತೆರೆದು ಏನೋ ಬರೆಯುವುದು ಗಾಜಿನಾಚೆ ಕಾಣಿಸಿತು.

ಕುಂಬಳಕಾಯಿ ಒಡೆದು, ಎಲ್ಲರಿಗೂ ಕಡ್ಲೆಪುರಿ ಹಂಚಿ, ಜನ ಚದುರಿದ ಮೇಲೆ ಚಂದ್ರಶೇಖರಯ್ಯ ಸಂಘಮಿತ್ರಾ ಅವರ ಮೇಜಿನ ಮುಂದೆ ಬಂದು ನಿಂತರು.

"ನೀವು ಎದ್ರಿ. ನಾನು ನೋಡ್ದೆ."

"ಹೌದು ಸರ್. ಎದ್ದೆ."

"ಮಾತಾಡಿದ್ರಾ?"

"ಇಲ್ಲ ಸರ್. ಅಷ್ಟರಲ್ಲಿ ಅವಳೇ ಹೇಳಿದ್ಲು."

"ಹ್ಞೂಂ. ನನ್ನ ಕೈ ತೆಗೀರಿ ಅಂದ್ಲು." ಅವರು ಒಂದು ಕವರಿನಿಂದ ನಾಲ್ಕು ಕಾಳು ಪುರಿ ತೆಗೆದು ಬಾಯಿಗೆ ಹಾಕಿಕೊಂಡರು. "ಮಾತು ಮಾತೇ ಅಮ್ಮ. ಎದ್ರೆ ರಜ ಇಲ್ಲ ಅಂದಿದ್ದೆ."

"ಸರಿ ಸರ್," ಎಂದರು ಸಂಘಮಿತ್ರಾ. ದನಿ ಏರಲಿಲ್ಲ. ಅವರ ತಂದೆಯೂ ಶಾಲೆಯ ಜಗುಲಿಯಲ್ಲಿ ಹೀಗೇ ಕೂತಿದ್ದಿರಬೇಕು.

"ಆದ್ರೆ ಆಯುಧಪೂಜೆ ದಿನ ವೈರ್ ಕಿತ್ತೋನು ನಾನು. ಕಿತ್ತ ಮೇಲೆ ಹೇಳ್ದೆ ಹೋದೋನೂ ನಾನು. ನಂಗೆ ಏನು ಶಿಕ್ಷೆ ಅಂತ ಯಾರೂ ಹೇಳಿರ್ಲಿಲ್ಲವಲ್ಲ." ಪಂಚೆಯ ಸೆರಗಿನಲ್ಲಿ ಕೈ ಒರೆಸಿ, ಜೇಬಿನಿಂದ ಪೆನ್ನು ತೆಗೆದರು. "ಕೊಡಿ ಅರ್ಜಿ. ಹಾಸನಾಂಬೆ ದರ್ಶನಕ್ಕೆ ಜನ ತುಂಬ್ಕೊಳೋ ಮೊದ್ಲೇ ಹೋಗಿ ಬನ್ನಿ. ಆಮೇಲೆ ಬಸ್ಸು ಸಿಗಲ್ಲ."

ಸಹಿ ಹಾಕಿ, ಅದರ ಕೆಳಗೆ ತಾರೀಖು ಬರೆದರು. ಹೋಗುತ್ತ ತಿರುಗಿ, "ಮುಂದಿನ ವರ್ಷದಿಂದ ಹಾರ ಮುಂದ್ಗಡೆ ಮಾತ್ರ ಹಾಕೋಣ" ಎಂದರು.

ಅಂದು ಬಾಗಿಲು ಹಾಕುವ ಮುನ್ನ ಸಂಘಮಿತ್ರಾ ಮಾನಸಾಳನ್ನು ಕೇಳಿದರು. "ವೈರ್ ಈಗಲೇ ಹಾಕ್ಬಾರ್ದು ಅಂತ ಯಾರು ಹೇಳಿಕೊಟ್ರು? ನಾನಂತೂ ಹೇಳಿರ್ಲಿಲ್ಲ."

ಮಾನಸಾ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದಳು. "ಮನೇಲಿ ಎರಡು ಹಳೇ ಲ್ಯಾಪ್‌ಟಾಪ್ ಇದೆ ಮೇಡಂ. ಹೀಗೇ ಜೋಡಿಸಿ ಇಟ್ಕೊಂಡಿದೀನಿ. ರಜ ಇದ್ದಾಗ ವೈರ್ ಕಿತ್ತು ಏನಾಗುತ್ತೆ ಅಂತ ನೋಡ್ತೀನಿ. ಒಂದ್ಸಲ ಹಾಗೇ ಹಾಕ್ಬಿಟ್ಟು ಅರ್ಧಕ್ಕರ್ಧ ಹೋಯ್ತು. ನಮ್ಮಜ್ಜಿ ಹೆಸ್ರೇ ಹಾಕಿದ್ದೆ, ಅಜ್ಜಿನೇ ಅಳಿಸೋದ್ಲು."

"ನಂಗೆ ಹೇಳ್ಲೇ ಇಲ್ಲ ನೀನು."

"ನೀವು ಕೇಳ್ಲಿಲ್ಲ ಮೇಡಂ."

ಅದೂ ನಿಜ. ಬಸ್ಸಿನಲ್ಲಿ ಮನೆಗೆ ಹೋಗುವಾಗ ಸಂಘಮಿತ್ರಾ ಅವರ ಎದೆಯಲ್ಲಿ ಹಗುರವೂ ಇತ್ತು, ಸಣ್ಣದೊಂದು ಚುರುಕೂ ಇತ್ತು. ಹನ್ನೊಂದು ವರ್ಷ ತಾನೊಬ್ಬಳೇ ಹಿಡಿದುಕೊಂಡಿದ್ದೇನೆಂದು ತಿಳಿದ ಹಗ್ಗದ ಇನ್ನೊಂದು ತುದಿಯನ್ನು ಚನ್ನರಾಯಪಟ್ಟಣದ ಒಂದು ಮನೆಯಲ್ಲಿ ಯಾರೋ ಆಗಲೇ ಹಿಡಿದಿದ್ದರು. ಕಿಟಕಿಯಾಚೆ ಲಾರಿಗಳಿಗೂ ಆಟೋಗಳಿಗೂ ಬಾಳೆಕಂದು ಕಟ್ಟಿದ್ದರು, ಗಾಳಿಗೆ ಎಲೆಗಳು ಸೀಳಿ ಹಾರುತ್ತಿದ್ದವು. ಮನೆ ತಲುಪಿದವರೇ ಧ್ಯಾನಕೇಂದ್ರಕ್ಕೆ ಫೋನು ಮಾಡಿ ಬರುತ್ತೇನೆಂದರು.

"ಓಗ್ತೀಯಾ?" ಎಂದರು ಮಲ್ಲಿಗಮ್ಮ, ನಂಬದೆ.

"ಹೋಗ್ತೀನಿ ಕಣವ್ವ."

"ಮೂರ್ನೇ ದಿನ ಎದ್ ಬರ್ಬ್ಯಾಡ ಮತ್ತೆ. ಮೂರ್ನೇ ದಿನ ಸೊಂಟ ಮುರ್ದೋದಂಗಾಯ್ತದೆ, ಎಲ್ರೂ ಎದ್ ಬರಾಣ ಅಂತಾರೆ. ನಾನೂ ಅಂದಿದ್ದೆ."

ಉಳಿದ ದಿನಗಳಲ್ಲಿ ಸಂಘಮಿತ್ರಾ ಮತ್ತು ಮಾನಸಾ ಸೇರಿ ಒಂದು ಕೆಲಸ ಮುಗಿಸಿದರು. 'ಇದ್ದೇನೆ' ಎಂಬ ಮಾತು ನೀಲಿ ವೈರಿನಲ್ಲಿ ಮಾತ್ರವಲ್ಲದೆ ಲ್ಯಾಬಿನ ಮಾಮೂಲಿ ಜಾಲದಲ್ಲೂ ಹೋಗುವಂತೆ ಎರಡನೆಯ ದಾರಿ ಮಾಡಿದರು. ಇನ್ನು ಒಂದು ದಾರಿ ಕಡಿದರೆ ಇನ್ನೊಂದರಲ್ಲಿ ದನಿ ಕೇಳುತ್ತದೆ. ಕೀಬೋರ್ಡಿನ ಮುಂದೆ ಕೂತವಳು ಮಾನಸಾ. ಸಂಘಮಿತ್ರಾ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದರು. ಅದನ್ನು ಕಲಿಯಲು ಅವರಿಗೆ ಎರಡು ದಿನ ಹಿಡಿಯಿತು.

ಧ್ಯಾನಕೇಂದ್ರದ ಕಚೇರಿಯಲ್ಲಿ ಹೆಂಗಸರ ಸಾಲು ಚಿಕ್ಕದಿತ್ತು. ಹೊರಗೆ ಹೊಂಗೆ ಮರದ ನೆರಳು, ಯಾರೋ ಗುಡಿಸಿದ ಅಂಗಳ. ಮೇಜಿನ ಹಿಂದೆ ಕೂತ ಹೆಂಗಸು ಒಬ್ಬೊಬ್ಬರಿಂದ ಫೋನು ತೆಗೆದುಕೊಂಡು, ಬಟ್ಟೆಯ ಚೀಲಕ್ಕೆ ಹಾಕಿ, ಸಂಖ್ಯೆ ಬರೆದ ಚೀಟಿ ಕೊಡುತ್ತಿದ್ದರು. ಸಂಘಮಿತ್ರಾ ಅವರ ಸರದಿ ಬಂದು, ಕೈ ಮುಂದೆ ಚಾಚಿದಾಗ ಫೋನು ಬಡಿದುಕೊಂಡಿತು. ಮಾನಸಾ.

ಮೇಜಿನ ಹಿಂದಿನ ಹೆಂಗಸು ಅವರ ಮುಖ ನೋಡಿದರು. "ತಗೊಳಿ, ಪರವಾಗಿಲ್ಲ. ಕೊನೇ ಸಲ ತಾನೆ."

"ಹೇಳು ಮಾನಸಾ."

"ತಲುಪಿದ್ರಾ ಅಂತ ಕೇಳೋಕೆ ಮಾಡ್ದೆ ಮೇಡಂ."

"ತಲುಪಿದೆ. ಅಲ್ಲೇನಾದ್ರೂ ಆಯ್ತಾ?"

"ಏನಿಲ್ಲ."

"ನಿಜವಾಗ್ಲೂ ಏನಿಲ್ವಾ?"

ಆ ಕಡೆ ಯಾರೋ ಏನೋ ಕೇಳಿದರು, ಮಾನಸಾ ಫೋನಿಗೆ ಕೈ ಅಡ್ಡ ಹಿಡಿದು ಅವರಿಗೆ ಉತ್ತರ ಹೇಳಿ ಮತ್ತೆ ಬಂದಳು.

"ಇದ್ರೂ ಹೇಳಲ್ಲ ಮೇಡಂ," ಎಂದಳು.

ಸಂಘಮಿತ್ರಾ ನಕ್ಕರು. ಫೋನಿನ ಬದಿಯ ಗುಂಡಿಯನ್ನು ಒತ್ತಿ ಹಿಡಿದರು, ಪರದೆ ಕಪ್ಪಾಗುವವರೆಗೂ ನೋಡಿ, ಚೀಲಕ್ಕೆ ಹಾಕಿದರು. ಚೀಟಿ ತೆಗೆದುಕೊಂಡು, ಹೆಗಲಿಗೆ ಬ್ಯಾಗು ಏರಿಸಿ, ತಮ್ಮ ಕೋಣೆ ಯಾವ ಕಡೆಯೆಂದು ಕೇಳಿದರು.